166 ಪೌಂಡ್‌ನ ರಿಸೀವರ್‌ಗೆ ಮೊದಲ ಸುತ್ತು ಕೊಡಬಹುದೇ?

ಫಿಲಿಯ ಕನ್ನಡಿಗ:
ಅಮೆರಿಕನ್ ಫುಟ್ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್ (ತಂಡಗಳು ಏಳು ಸುತ್ತುಗಳಲ್ಲಿ ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವುದು) ಹತ್ತಿರ ಬಂತೆಂದರೆ ಪ್ರತಿ ವರ್ಷವೂ ಇದೇ ರಗಳೆ. ರಿಸೀವರ್, ಅಂದರೆ ಎಸೆದ ಚೆಂಡನ್ನು ಓಡಿ ಹಿಡಿಯುವ ಹುಡುಗ, ಕಾಲೇಜಿನಲ್ಲಿ ಎರಡು ಮೂರು ವರ್ಷ ತನ್ನನ್ನು ತಡೆಯಲು ನಿಂತ ಕಾರ್ನರ್‌ಬ್ಯಾಕ್‌ಗಳಿಗೆ ನೀರು ಕುಡಿಸಿರುತ್ತಾನೆ. ಎಲ್ಲರ ಬಾಯಲ್ಲೂ ಅವನದೇ ಹೆಸರು. ತಕ್ಕಡಿ ಹತ್ತಿದ ಮರುಕ್ಷಣವೇ ಹೊಗಳುತ್ತಿದ್ದವರ ದನಿ ಬದಲಾಗುತ್ತದೆ: ಆಟವೇನೋ ಸರಿ, ಮೈಯಲ್ಲಿ ಮಾಂಸವೇ ಇಲ್ಲವಲ್ಲ!

ನಾನು ಫಿಲಡೆಲ್ಫಿಯಾದ ಈಗಲ್ಸ್ ತಂಡದ ಅಭಿಮಾನಿ. ಈ ವಿಷಯದಲ್ಲಿ ನಮ್ಮ ತಂಡ ಪಟ್ಟ ಪಾಡು ಸಾಮಾನ್ಯದ್ದಲ್ಲ. 2019ರಲ್ಲಿ 57ನೇ ಸರದಿಯಲ್ಲಿ ಆರ್ಸೆಗಾ-ವೈಟ್‌ಸೈಡ್ ಎಂಬ ದೊಡ್ಡಾಳನ್ನು ಆರಿಸಿದರು. 6 ಅಡಿ 2 ಅಂಗುಲ, 225 ಪೌಂಡ್. ಮೂರು ವರ್ಷದಲ್ಲಿ ಹಿಡಿದದ್ದು 16 ಚೆಂಡು. ಏಳು ಸರದಿ ಕಳೆದ ಮೇಲೆ ಡಿಕೆ ಮೆಟ್‌ಕಾಫ್ ಸಿಯಾಟಲ್‌ಗೆ ಹೋದ. 2020ರಲ್ಲಿ 5 ಅಡಿ 11 ಅಂಗುಲದ ರೇಗರ್ ನಮಗೆ, ಮರುಸರದಿಯಲ್ಲೇ ಜಸ್ಟಿನ್ ಜೆಫರ್‌ಸನ್ ಮಿನೆಸೋಟಾಗೆ. ಆ ಗಾಯಕ್ಕೆ ಉಪ್ಪು ಹಚ್ಚುವವರು ಹಚ್ಚಿಕೊಳ್ಳಿ, ನನಗೆ ಅಭ್ಯಾಸವಾಗಿದೆ. 2021ರಲ್ಲಿ ಡೆವೊಂಟಾ ಸ್ಮಿತ್, 10ನೇ ಸರದಿ. ಎತ್ತರ 6 ಅಡಿ, ತೂಕ 166 ಪೌಂಡ್. ಕಿಲೋ ಲೆಕ್ಕದಲ್ಲಿ 75. ಈ ಮೂವರಲ್ಲಿ ನಮ್ಮ ಮಾನ ಉಳಿಸಿದವನು ಆ ಕಡ್ಡಿಯಂಥ ಹುಡುಗನೇ.

ನನ್ನ ಪ್ರಶ್ನೆ ಇಷ್ಟು: ರಿಸೀವರ್‌ನ ಮೈಕಟ್ಟಿಗೆ ಡ್ರಾಫ್ಟ್‌ನಲ್ಲಿ ಇಷ್ಟು ಬೆಲೆ ಕೊಡುವುದಕ್ಕೆ ಅರ್ಥವಿದೆಯೇ? ಇದ್ದರೆ ಎತ್ತರ ಮುಖ್ಯವೋ, ತೂಕವೋ?

ಡಲ್ಲಾಸ್ ದೊಡ್ಡಣ್ಣ:
ಬಂದೆಯಾ? ನಿನ್ನೆ ಫೋನಿನಲ್ಲಿ ಒಂದು ಗಂಟೆ ವಾದಿಸಿದ್ದು ಸಾಲದೆಂದು ಇಲ್ಲಿಗೂ ತಂದೆ. ಒಬ್ಬ ಸ್ಮಿತ್‌ನನ್ನು ಮುಂದಿಟ್ಟುಕೊಂಡು ಲೋಕಕ್ಕೆಲ್ಲ ನಿಯಮ ಬರೆಯಬೇಡ. ಟ್ಯಾವನ್ ಆಸ್ಟಿನ್ ನೆನಪಿದೆಯೇ? 2013ರಲ್ಲಿ ರ‍್ಯಾಮ್ಸ್ ತಂಡ ಮೇಲಿನ ಸರದಿಗಾಗಿ ವಿನಿಮಯ ಮಾಡಿಕೊಂಡು 8ನೇ ಸ್ಥಾನದಲ್ಲಿ ಆರಿಸಿದ ಹುಡುಗ. 5 ಅಡಿ 8 ಅಂಗುಲ, 174 ಪೌಂಡ್. ಓಟ ಗಾಳಿಯ ಹಾಗೆ. ಏನಾಯಿತು? ಚೆಂಡು ಹಿಡಿದು ಗಳಿಸಿದ ದೂರ ಒಂದೇ ಒಂದು ಋತುವಿನಲ್ಲೂ ಸಾವಿರ ಗಜ ಮುಟ್ಟಲಿಲ್ಲ.

ಅಂಕಿಅಂಶ:
ಎತ್ತರವೋ ತೂಕವೋ ಎಂಬುದಕ್ಕೆ 2021ರ ಡ್ರಾಫ್ಟ್‌ನಲ್ಲೇ ಒಂದು ಸುಳಿವಿದೆ. 5ನೇ ಸರದಿಯಲ್ಲಿ ಜಮಾರ್ ಚೇಸ್: 6 ಅಡಿ, 201 ಪೌಂಡ್. 6ನೇ ಸರದಿಯಲ್ಲಿ ಜೇಲನ್ ವಾಡಲ್: 5 ಅಡಿ 10 ಅಂಗುಲಕ್ಕೂ ತುಸು ಕಡಿಮೆ, ತೂಕ 180ರ ಆಸುಪಾಸು. 10ನೇ ಸರದಿಯಲ್ಲಿ ಸ್ಮಿತ್. ವಾಡಲ್ ಮತ್ತು ಸ್ಮಿತ್ ಒಂದೇ ಕಾಲೇಜು, ಅಲಬಾಮಾ. ಕುಳ್ಳನಾದ ವಾಡಲ್ ಹಿಂದಿನ ಅಕ್ಟೋಬರ್‌ನಲ್ಲಿ ಕಣಕಾಲು ಮುರಿದುಕೊಂಡಿದ್ದ. ಸ್ಮಿತ್ ಅದೇ ಋತುವಿನಲ್ಲಿ 117 ಕ್ಯಾಚ್, 1,856 ಗಜ, 23 ಟಚ್‌ಡೌನ್ (ಚೆಂಡನ್ನು ಗೋಲ್ ಗೆರೆ ದಾಟಿಸುವುದು) ಮಾಡಿ, ಕಾಲೇಜಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದಿದ್ದ. 1991ರ ಡೆಸ್ಮಂಡ್ ಹೋವರ್ಡ್ ನಂತರ ಒಬ್ಬ ರಿಸೀವರ್‌ಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆದರೂ ಕಾಲು ಮುರಿದಿದ್ದವನು ನಾಲ್ಕು ಸರದಿ ಮುಂಚೆ ಹೋದ. ವೇಗವೂ ಕಾರಣವಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ತಂಡಗಳನ್ನು ಹೆದರಿಸುವುದು ಎತ್ತರವಲ್ಲ, ತೂಕ ಎಂದೇ ನನ್ನ ಅಭಿಪ್ರಾಯ.

ತುಂಗಾತೀರ:
ಶಿವಮೊಗ್ಗದಲ್ಲಿ ಕುಳಿತು ಈ ಆಟ ನೋಡಲು ಶುರುಮಾಡಿ ಹೆಚ್ಚು ಕಾಲವಾಗಿಲ್ಲ. ಡ್ರಾಫ್ಟ್ ನಮಗೆ ಶುಕ್ರವಾರ ಬೆಳಿಗ್ಗೆ 5:30ಕ್ಕೆ ಆರಂಭವಾಗುತ್ತದೆ, ಹಾಲಿನವನು ಬರುವ ಹೊತ್ತು. ದಯವಿಟ್ಟು ಒಂದು ಹೇಳಿ: ರಿಸೀವರ್ ಓಡಬೇಕು, ಚೆಂಡು ಹಿಡಿಯಬೇಕು, ಅಷ್ಟೇ ತಾನೇ? ಅದಕ್ಕೆ ತೂಕ ಯಾಕೆ ಬೇಕು? ತೂಕ ಕಡಿಮೆಯಿದ್ದರೆ ಓಡಲು ಅನುಕೂಲವಲ್ಲವೇ?

ನಾಲ್ಕನೇ ಡೌನ್:
ತುಂಗಾತೀರ ಅವರೇ, ಒಳ್ಳೆಯ ಪ್ರಶ್ನೆ. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುವುದರಿಂದ ಅಸಲು ಜಗಳ ನಮಗೆ ಕಾಣುವುದೇ ಇಲ್ಲ. ಮುಂದಿನ ಬಾರಿ ಚೆಂಡನ್ನು ಬಿಟ್ಟು, ಅಂಚಿನಲ್ಲಿ ನಿಂತ ರಿಸೀವರ್‌ನನ್ನು ಮಾತ್ರ ನೋಡಿ.

ಅವನ ಎದುರು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ, ಕಾರ್ನರ್‌ಬ್ಯಾಕ್ ನಿಂತಿರುತ್ತಾನೆ. ಇದನ್ನು ಪ್ರೆಸ್ ಎನ್ನುತ್ತಾರೆ. ಚೆಂಡು ಕದಲಿದ ಕ್ಷಣವೇ ಕಾರ್ನರ್ ಎರಡೂ ಅಂಗೈಗಳನ್ನು ರಿಸೀವರ್‌ನ ಎದೆಗೆ ಊರಲು ನೋಡುತ್ತಾನೆ. ಮೊದಲ ಐದು ಗಜದೊಳಗೆ ಹೀಗೆ ತಳ್ಳಲು, ತಡೆಯಲು ನಿಯಮವೇ ಅವಕಾಶ ಕೊಡುತ್ತದೆ. ರಿಸೀವರ್ ಒಂದು ಹೆಜ್ಜೆ ಒಳಗಿಟ್ಟಂತೆ ಮಾಡಿ ಹೊರಗೆ ಜಾರಬೇಕು, ಒಂದು ಕೈಯಿಂದ ಎದುರಾಳಿಯ ಮಣಿಕಟ್ಟನ್ನು ಕೆಳಕ್ಕೆ ಹೊಡೆದು ಭುಜ ತಗ್ಗಿಸಿ ಪಕ್ಕದಿಂದ ನುಸುಳಬೇಕು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಕೈಯಲ್ಲಿರುವುದು ಎರಡೂವರೆ ಮೂರು ಸೆಕೆಂಡು. ಹಗುರ ಮೈಯವನು ಎದೆಗೊಂದು ಸರಿಯಾದ ಏಟು ತಿಂದರೆ ಅರ್ಧ ಸೆಕೆಂಡು ಹೋಯಿತು. ಆ ಓಟದ ಸಮಯಪಾಲನೆಯೇ ಕೆಟ್ಟಿತು. ಚೆಂಡು ಬರುವ ಜಾಗಕ್ಕೆ ಅವನು ಬಂದಿರುವುದಿಲ್ಲ.

ತಂಡಕ್ಕಾಗಿ ಹುಡುಗರನ್ನು ಅಳೆದು ನೋಡುವ ಸ್ಕೌಟ್‌ಗಳ ಭಯ ಇದು. ಎರಡನೆಯದು, ಹದಿನೇಳು ಪಂದ್ಯ ಏಟು ತಿಂದು ಬದುಕುತ್ತಾನೆಯೇ ಎಂಬುದು. ಮೂರನೆಯದರ ಬಗ್ಗೆ ಯಾರೂ ಮಾತಾಡುವುದಿಲ್ಲ: ಬ್ಲಾಕಿಂಗ್. ಚೆಂಡನ್ನು ಎಸೆಯದೆ ಹೊತ್ತು ಓಡುವ ಓಟದ ಆಟದಲ್ಲಿ ರಿಸೀವರ್ ಕೂಡ ಎದುರಾಳಿಯನ್ನು ತಡೆಯಬೇಕು.

ಬೀದರಿನವಳು:
ಬ್ಲಾಕಿಂಗ್ ಎಂದಾಗ ಟ್ಯಾಂಕ್ ಡೆಲ್ ನೆನಪಾದ. ಹೂಸ್ಟನ್‌ನ ಹುಡುಗ, 5 ಅಡಿ 8 ಅಂಗುಲ, 165 ಪೌಂಡ್, 2023ರ ಮೂರನೇ ಸುತ್ತು, 69ನೇ ಸರದಿ. ಮೊದಲ ವರ್ಷವೇ 11 ಪಂದ್ಯಗಳಲ್ಲಿ 709 ಗಜ, 7 ಟಚ್‌ಡೌನ್. ಡಿಸೆಂಬರ್‌ನಲ್ಲಿ ಬ್ರಾಂಕೋಸ್ ವಿರುದ್ಧ ಕಾಲಿನ ಮೂಳೆ ಮುರಿಯಿತು. "ನೋಡಿ, ಸಣ್ಣ ಮೈ ತಡೆಯಲಿಲ್ಲ" ಎಂದರು ಎಲ್ಲರೂ. ಆ ದೃಶ್ಯವನ್ನು ನೋಡಿದವರೆಷ್ಟು ಜನ? ಅವನು ಚೆಂಡು ಹಿಡಿಯುವಾಗ ಬಿದ್ದದ್ದಲ್ಲ. ಗೋಲ್ ಗೆರೆಯ ಹತ್ತಿರ, ಓಟದ ಆಟದಲ್ಲಿ, ರಾಶಿ ಬಿದ್ದ ಜನರ ನಡುವೆ ಬ್ಲಾಕ್ ಮಾಡಲು ನಿಂತಿದ್ದ. ಅಲ್ಲಿ ಕಾಲು ಸಿಕ್ಕಿಕೊಂಡರೆ 230 ಪೌಂಡ್‌ನವನಿಗೂ ಅದೇ ಗತಿ. 165 ಪೌಂಡ್‌ನವನನ್ನು ಆ ಗುಂಪಿನೊಳಗೆ ನುಗ್ಗಿಸಿದವರನ್ನು ಕೇಳಿ, ತಕ್ಕಡಿಯನ್ನಲ್ಲ.

ಡಲ್ಲಾಸ್ ದೊಡ್ಡಣ್ಣ:
ಮೇಡಂ, ನೀವು ಹೇಳಿದ್ದರಲ್ಲೇ ನನ್ನ ವಾದ ಇದೆ! ಬ್ಲಾಕಿಂಗ್‌ಗೆ ನಿಲ್ಲಿಸಬಾರದು ಎಂದರೆ ಆಟದ ಅರ್ಧ ಭಾಗಕ್ಕೆ ಅವನು ಹೊರಗೆ. ಅವನು ಮೈದಾನಕ್ಕೆ ಬಂದ ಎಂದರೆ ಪಾಸ್ ಬರುತ್ತದೆಂದು ಎದುರಾಳಿಗೆ ಗೊತ್ತಾಗುತ್ತದೆ. ಪೂರ್ತಿ ಕೆಲಸ ಮಾಡಲಾಗದವನಿಗೆ ಮೊದಲ ಸುತ್ತಿನ ಸಂಬಳ ಏಕೆ?

ಬೀದರಿನವಳು:
ಮೂರನೇ ಸುತ್ತು. ಓದಿ.

ಕಾಫಿತೋಟ:
ದೊಡ್ಡವರಿಗೆ ಮಾತ್ರ ಮೂಳೆ ಗಟ್ಟಿ ಎಂದು ಯಾರು ಹೇಳಿದರು ಮಾರಾಯರೇ? ಕೆವಿನ್ ವೈಟ್, 2015, ಬೇರ್ಸ್, 7ನೇ ಸರದಿ. 6 ಅಡಿ 3 ಅಂಗುಲ, 215 ಪೌಂಡ್, 40 ಗಜಕ್ಕೆ 4.35 ಸೆಕೆಂಡಿನ ಓಟ. ಕಾಗದದ ಮೇಲೆ ದೇವರು. ಗಾಯದ ಮೇಲೆ ಗಾಯವಾಗಿ ಮೊದಲ ವರ್ಷ ಪೂರ್ತಿ ಹೋಯಿತು, ಮುಂದಿನ ವರ್ಷಗಳೂ ಹೆಚ್ಚುಕಡಿಮೆ ಹಾಗೆಯೇ. ಆಗ "ಮೈ ತುಂಬ ದೊಡ್ಡದಾಯಿತು" ಎಂದು ಯಾರೂ ಅನ್ನಲಿಲ್ಲ. ದುರದೃಷ್ಟ ಎಂದರು. ಸಣ್ಣವನಿಗೆ ಗಾಯವಾದರೆ ಮೈಕಟ್ಟು, ದೊಡ್ಡವನಿಗಾದರೆ ಹಣೆಬರಹ!

ಫಿಲಿಯ ಕನ್ನಡಿಗ:
ಕಾಫಿತೋಟ ಅವರೇ, ಇದನ್ನು ಅಚ್ಚುಹಾಕಿಸಿ ನಮ್ಮ ದೊಡ್ಡಣ್ಣನ ಬಾಗಿಲಿಗೆ ಅಂಟಿಸುತ್ತೇನೆ.

ಹಳೆಯ ಬೇರು:
ನಾನು 80ರ ದಶಕದಿಂದ ಈ ದೇಶದಲ್ಲಿದ್ದೇನೆ, ಆಟವನ್ನು ಅಂದಿನಿಂದಲೂ ನೋಡುತ್ತಿದ್ದೇನೆ. ಈ ಚರ್ಚೆಯಲ್ಲಿ ಒಂದು ದೊಡ್ಡ ಸಂಗತಿಯನ್ನು ನೀವೆಲ್ಲ ಬಿಟ್ಟಿದ್ದೀರಿ: ನಿಯಮ.

1978ಕ್ಕೆ ಮೊದಲು ಚೆಂಡು ಗಾಳಿಯಲ್ಲಿಲ್ಲದಾಗ ಐದು ಗಜ ದಾಟಿದ ಮೇಲೂ ರಿಸೀವರ್‌ನನ್ನು ತಳ್ಳಬಹುದಿತ್ತು. ಪಿಟ್ಸ್‌ಬರ್ಗ್‌ನ ಮೆಲ್ ಬ್ಲೌಂಟ್ ಅದನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದನೆಂದರೆ, ಐದು ಗಜದ ಮಿತಿಯ ನಿಯಮಕ್ಕೆ ಜನ ಇಂದಿಗೂ ಅವನ ಹೆಸರನ್ನೇ ಹೇಳುತ್ತಾರೆ. ನಿಯಮವೇನೋ ಬಂತು, ಪಾಲನೆ ಸಡಿಲವಾಗಿಯೇ ಇತ್ತು. 2004ರ ಜನವರಿಯಲ್ಲಿ ಪೇಟ್ರಿಯಟ್ಸ್ ಮತ್ತು ಕೋಲ್ಟ್ಸ್ ನಡುವಿನ ಎಎಫ್‌ಸಿ (ಲೀಗ್‌ನ ಎರಡು ವಿಭಾಗಗಳಲ್ಲೊಂದು) ಫೈನಲ್ ನೋಡಿದವರಿಗೆ ನೆನಪಿರಬೇಕು. ಕೋಲ್ಟ್ಸ್‌ನ ರಿಸೀವರ್ ಮಾರ್ವಿನ್ ಹ್ಯಾರಿಸನ್, ಅದೇ ಹೆಸರಿನ ಈಗಿನ ರಿಸೀವರ್‌ನ ತಂದೆ, 6 ಅಡಿ ಎತ್ತರ, 185 ಪೌಂಡ್. ಪೇಟ್ರಿಯಟ್ಸ್ ಡಿಫೆನ್ಸ್ ಅವನನ್ನೂ ಅವನ ಜೊತೆಗಾರರನ್ನೂ ಹಿಡಿದು, ಎಳೆದು, ಜಗ್ಗಿ ಇಟ್ಟಿತು. ಟೈ ಲಾ ಒಬ್ಬನೇ ಮೂರು ಇಂಟರ್‌ಸೆಪ್ಷನ್ ಮಾಡಿದ, ಅಂದರೆ ಎದುರಾಳಿಯ ಎಸೆತವನ್ನೇ ಮೂರು ಸಲ ಹಿಡಿದ. ಕೋಲ್ಟ್ಸ್ ಸುಮ್ಮನಿರಲಿಲ್ಲ, ದೂರು ಕೊಟ್ಟಿತು. ಅದೇ ವರ್ಷದಿಂದ ಆ ನಿಯಮವನ್ನು ಬಿಗಿಯಾಗಿ ಪಾಲಿಸುವಂತೆ ಅಂಪೈರ್‌ಗಳಿಗೆ ಸೂಚನೆ ಹೋಯಿತು. ಆ ಋತುವಿನಲ್ಲಿ ಕೋಲ್ಟ್ಸ್‌ನ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ 49 ಟಚ್‌ಡೌನ್ ಎಸೆದ.

ಸಣ್ಣ ರಿಸೀವರ್‌ಗಳ ಬಾಗಿಲು ತೆರೆದದ್ದು ಅಲ್ಲಿಂದ. ಅದಕ್ಕೆ ಮೊದಲು 166 ಪೌಂಡ್‌ನವನಿಗೆ ಮೊದಲ ಹತ್ತರಲ್ಲಿ ಜಾಗ ಕೊಡಿ ಎಂದಿದ್ದರೆ ನಗುತ್ತಿದ್ದರು.

ಗಿರಗಿಟ್ಲೆ:
ಅಂಪೈರ್ ಅಲ್ಲ, ರೆಫರಿ ಎನ್ನಿ ಹಿರಿಯರೇ. ಕ್ರಿಕೆಟ್ ಅಭ್ಯಾಸ ಹೋಗುವುದಿಲ್ಲ ನೋಡಿ.

ಹಳೆಯ ಬೇರು:
ಈ ಆಟದಲ್ಲೂ ಅಂಪೈರ್ ಎಂಬ ಹುದ್ದೆ ಇದೆ ಮಗೂ. ಮೈದಾನದಲ್ಲಿ ಏಳು ಜನ ಇರುತ್ತಾರೆ, ಅವರಲ್ಲೊಬ್ಬ ಅಂಪೈರ್.

ಗಿರಗಿಟ್ಲೆ:
ಹೋಗಲಿ ಬಿಡಿ. ಸಣ್ಣವರನ್ನು ಕಡೆಗಣಿಸಿದ್ದಕ್ಕೆ ಟೈರಿಕ್ ಹಿಲ್‌ಗಿಂತ ದೊಡ್ಡ ಉದಾಹರಣೆ ಬೇಕೇ? 5 ಅಡಿ 8 ಅಂಗುಲ ಎಂಬ ಒಂದೇ ಕಾರಣಕ್ಕೆ ಐದನೇ ಸುತ್ತಿನವರೆಗೆ ಯಾರೂ ಮುಟ್ಟಲಿಲ್ಲ!

ಅಂಕಿಅಂಶ:
ತಪ್ಪು. ಹಿಲ್ 2016ರಲ್ಲಿ 165ನೇ ಸರದಿಗೆ ಜಾರಿದ್ದು ಎತ್ತರದಿಂದಲ್ಲ. ಗರ್ಭಿಣಿ ಗೆಳತಿಯ ಮೇಲೆ ಹಲ್ಲೆ ಮಾಡಿದ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡಿದ್ದ, ಒಕ್ಲಹೋಮಾ ಸ್ಟೇಟ್ ತಂಡ ಅವನನ್ನು ಹೊರಗೆ ಹಾಕಿತ್ತು. ಎಷ್ಟೋ ತಂಡಗಳು ಅವನ ಹೆಸರನ್ನೇ ಪಟ್ಟಿಯಿಂದ ತೆಗೆದಿದ್ದವು. ಅದನ್ನು ಮೈಕಟ್ಟಿನ ಖಾತೆಗೆ ಬರೆಯಬೇಡಿ. ರ‍್ಯಾಂಡಿ ಮಾಸ್ ಕೂಡ ಹಾಗೆಯೇ. 1998ರಲ್ಲಿ 6 ಅಡಿ 4 ಅಂಗುಲದ ಅಂಥ ಪ್ರತಿಭೆ 21ನೇ ಸರದಿಯವರೆಗೆ ಉಳಿದದ್ದು ಮೈದಾನದ ಹೊರಗಿನ ಕಾರಣಗಳಿಗೆ.

ಮೈಕಟ್ಟಿಗೆ ಬಲಿಯಾದವರ ನಿಜವಾದ ಉದಾಹರಣೆ ಬೇಕೆಂದರೆ ವೆಸ್ ವೆಲ್ಕರ್. 5 ಅಡಿ 9 ಅಂಗುಲ. 2004ರಲ್ಲಿ ಏಳು ಸುತ್ತು ಮುಗಿದರೂ ಯಾರೂ ಕರೆಯಲಿಲ್ಲ. ಚಾರ್ಜರ್ಸ್ ತೆಗೆದುಕೊಂಡು, ಒಂದು ಪಂದ್ಯ ಆಡಿಸಿ ಕೈಬಿಟ್ಟಿತು. ಮುಂದೆ ಪೇಟ್ರಿಯಟ್ಸ್‌ನಲ್ಲಿ ಐದು ಋತುಗಳಲ್ಲಿ, ಒಂದೊಂದರಲ್ಲೂ ನೂರಕ್ಕೂ ಹೆಚ್ಚು ಕ್ಯಾಚ್ ಹಿಡಿದ. ಸ್ಟೀವ್ ಸ್ಮಿತ್, ಕ್ಯಾರೊಲಿನಾದವನು: 5 ಅಡಿ 9 ಅಂಗುಲ, 2001ರ 74ನೇ ಸರದಿ. 2005ರಲ್ಲಿ ಕ್ಯಾಚ್, ಗಜ, ಟಚ್‌ಡೌನ್ ಮೂರರಲ್ಲೂ ಲೀಗ್‌ಗೆ ಮೊದಲಿಗ. ಅವನು ಸ್ಲಾಟ್‌ನಲ್ಲಿ ಅಡಗಿ ಕುಳಿತವನೂ ಅಲ್ಲ. ಅಂಚಿನಲ್ಲಿ ನಿಂತು ತನಗಿಂತ ಅರ್ಧ ಅಡಿ ಎತ್ತರದವರ ತಲೆಯ ಮೇಲಿಂದ ಚೆಂಡು ಕಿತ್ತುಕೊಂಡವನು.

ತುಂಗಾತೀರ:
ಸ್ಲಾಟ್ ಎಂದರೆ?

ನಾಲ್ಕನೇ ಡೌನ್:
ಅಂಚಿನ ರಿಸೀವರ್‌ಗೂ ಲೈನ್‌ನ ದೊಡ್ಡಾಳುಗಳಿಗೂ ನಡುವಿನ ಜಾಗ. ಅಲ್ಲಿ ನಿಲ್ಲುವವನು ಆಟ ಶುರುವಾಗುವ ಗೆರೆಯಿಂದ ಒಂದು ಹೆಜ್ಜೆ ಹಿಂದಿರುತ್ತಾನೆ, ಎಡಕ್ಕೂ ಬಲಕ್ಕೂ ಓಡಲು ಜಾಗವಿರುತ್ತದೆ, ಎದೆಗೆ ಕೈಯಿಡುವುದು ಕಷ್ಟ. ಆದ್ದರಿಂದ ಸಣ್ಣವನು ಎಂದ ಕೂಡಲೇ ಕಣ್ಣುಮುಚ್ಚಿ "ಇವನು ಸ್ಲಾಟ್" ಎಂದು ಬರೆದುಬಿಡುತ್ತಾರೆ. ಬರೆದ ಮೇಲೆ ಬೆಲೆ ಇಳಿಯಿತು. ಸ್ಲಾಟ್‌ನವನಿಗೆ ಎರಡನೇ ಮೂರನೇ ಸುತ್ತು ಸಾಕು ಎಂಬ ಹಳೆಯ ಲೆಕ್ಕ. ಈಗ ಮೂರು ರಿಸೀವರ್‌ಗಳನ್ನಿಟ್ಟು ಆಡುವುದೇ ಹೆಚ್ಚಿನ ತಂಡಗಳ ಮಾಮೂಲು ಕ್ರಮ, ಆದರೂ ಆ ಲೆಕ್ಕ ಪೂರ್ತಿ ಅಳಿಸಿಲ್ಲ.

ಬೀದರಿನವಳು:
ಅಳತೆ ತೆಗೆದುಕೊಳ್ಳುವ ಕ್ರಮವೂ ಮಜವಾಗಿದೆ. ಡ್ರಾಫ್ಟ್‌ಗೆ ಮುಂಚೆ ನಡೆಯುವ ಪರೀಕ್ಷೆಯಲ್ಲಿ, ಅಂದರೆ ಇಂಡಿಯಾನಾಪೊಲಿಸ್‌ನ ಕಂಬೈನ್‌ನಲ್ಲಿ, ಹುಡುಗರನ್ನು ಬರಿಗಾಲಿನಲ್ಲಿ ನಿಲ್ಲಿಸಿ ಅಂಗುಲದ ಎಂಟನೇ ಒಂದು ಭಾಗದವರೆಗೆ ಅಳೆಯುತ್ತಾರೆ. ಸ್ಕೌಟ್‌ಗಳ ಪುಸ್ತಕದಲ್ಲಿ ಅದು ನಾಲ್ಕು ಅಂಕಿಗಳ ಸಂಖ್ಯೆ: 6022 ಎಂದರೆ 6 ಅಡಿ, 2 ಅಂಗುಲ, ಮೇಲೆ ಎಂಟನೇ ಎರಡು ಭಾಗ. ಭುಜದಿಂದ ಬೆರಳ ತುದಿಯವರೆಗೆ ತೋಳು, ಅಂಗೈ ಅಗಲಿಸಿ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಕೈ. ಮದುವೆಯ ಕೋಟು ಹೊಲಿಸುವಾಗಲೂ ಇಷ್ಟು ಅಳೆಯುವುದಿಲ್ಲ. ಕಾಲೇಜಿನವರು ಮಾತ್ರ ಎಲ್ಲರಿಗೂ ಒಂದು ಅಂಗುಲ, ಹತ್ತು ಪೌಂಡ್ ಧಾರಾಳವಾಗಿ ಸೇರಿಸಿ ಬರೆಯುತ್ತಾರೆ. ಟುಟು ಆಟ್‌ವೆಲ್ 2021ರಲ್ಲಿ ನಿಜವಾಗಿ ತೂಗಿದ್ದು 149 ಪೌಂಡ್. 68 ಕಿಲೋ ಕೂಡ ಇಲ್ಲ! ಆದರೂ ರ‍್ಯಾಮ್ಸ್ 57ನೇ ಸರದಿಯಲ್ಲಿ ಆರಿಸಿತು.

ಗಿರಗಿಟ್ಲೆ:
149 ಪೌಂಡ್! ನಾನೇ ಅವನಿಗಿಂತ ಭಾರವಿದ್ದೇನೆ. ನನಗೇಕೆ ಯಾರೂ ಫೋನ್ ಮಾಡಿಲ್ಲ?

ಕಾಫಿತೋಟ:
ನೀವು ನಲವತ್ತು ಗಜ ಓಡುವಷ್ಟರಲ್ಲಿ ಡ್ರಾಫ್ಟ್ ಮುಗಿದಿರುತ್ತದೆ.

ಡಲ್ಲಾಸ್ ದೊಡ್ಡಣ್ಣ:
ಸರಿ, ಸರಿ. ದೊಡ್ಡವರ ಪರವಾಗಿಯೂ ಒಬ್ಬ ಮಾತಾಡಬೇಕಲ್ಲ. ಮೈಕ್ ಇವಾನ್ಸ್. 2014, 7ನೇ ಸರದಿ, 6 ಅಡಿ 5 ಅಂಗುಲ, 231 ಪೌಂಡ್. ಮೊದಲ ವರ್ಷದಿಂದ 2024ರವರೆಗೆ ಸತತ 11 ಋತು ಸಾವಿರ ಗಜ. ಜೆರ‍್ರಿ ರೈಸ್‌ನ ದಾಖಲೆಗೆ ಸಮ. ಹನ್ನೊಂದನೆಯದಂತೂ ಕೊನೆಯ ಪಂದ್ಯದ ಕೊನೆಯ ಆಟದಲ್ಲಿ ಬಂತು. ಸೇಂಟ್ಸ್ ವಿರುದ್ಧ ಗೆಲುವು ಖಚಿತವಾಗಿತ್ತು, ಮಂಡಿಯೂರಿ ಸಮಯ ಕಳೆದರೆ ಸಾಕಿತ್ತು. ಅವನಿಗೆ 5 ಗಜ ಬೇಕಿತ್ತು. ಬೇಕರ್ ಮೇಫೀಲ್ಡ್ ಎಸೆದ, ಇವಾನ್ಸ್ 9 ಗಜ ಗಳಿಸಿದ, 30 ಲಕ್ಷ ಡಾಲರ್ ಬೋನಸ್ ಕೈಸೇರಿತು. ಬೆಂಚಿನಲ್ಲಿದ್ದವರೆಲ್ಲ ಮೈದಾನಕ್ಕೆ ನುಗ್ಗಿದರು.

ಈಗ ಹೇಳಿ. ಹತ್ತು ವರ್ಷಕ್ಕೂ ಮೇಲ್ಪಟ್ಟು, ಬದಲಾಗುತ್ತಲೇ ಹೋದ ಕ್ವಾರ್ಟರ್‌ಬ್ಯಾಕ್‌ಗಳ ಜೊತೆ, ಇಷ್ಟು ನಂಬಿಕೆಯಿಂದ ದುಡಿದ 166 ಪೌಂಡ್‌ನವನು ಯಾರಿದ್ದಾನೆ? ಎಸೆತ ಒಂದಡಿ ಆಚೀಚೆಯಾದರೂ ಇವಾನ್ಸ್ ಕೈಗೆ ಸಿಗುತ್ತದೆ. ಗೋಲ್ ಗೆರೆಯ ಹತ್ತಿರ ಓಡಲು ಜಾಗವೇ ಇಲ್ಲದಾಗ ವೇಗಕ್ಕೆ ಏನು ಬೆಲೆ? ಅಲ್ಲಿ ಮೇಲಕ್ಕೆ ಎಸೆದ ಚೆಂಡನ್ನು ಕಿತ್ತುಕೊಳ್ಳುವವನು ಬೇಕು.

ಅಂಕಿಅಂಶ:
ಇವಾನ್ಸ್ ಬಗ್ಗೆ ತಕರಾರಿಲ್ಲ. ಆದರೆ ಅದೇ 2014ರ ಮೊದಲ ಸುತ್ತಿನಲ್ಲಿ, 28ನೇ ಸರದಿಯಲ್ಲಿ, ಅವನಷ್ಟೇ ಎತ್ತರದ, ಅವನಿಗಿಂತ ಭಾರದ ಕೆಲ್ವಿನ್ ಬೆಂಜಮಿನ್ ಇದ್ದ. ಮೊದಲ ವರ್ಷ ಸಾವಿರ ಗಜ ದಾಟಿದ, ಆಮೇಲೆ ಎಂದೂ ದಾಟಲಿಲ್ಲ. 2016ರಲ್ಲಿ ಲಕ್ವಾನ್ ಟ್ರೆಡ್‌ವೆಲ್, 23ನೇ ಸರದಿ, 221 ಪೌಂಡ್. 2019ರಲ್ಲಿ ಎನ್‌ಕೀಲ್ ಹ್ಯಾರಿ, 32ನೇ ಸರದಿ, 228 ಪೌಂಡ್. ಇವರೆಲ್ಲರಿಗೂ ಬರೆದ ಹೊಗಳಿಕೆ ಒಂದೇ: "ಮೈಮೇಲೆ ಎದುರಾಳಿ ಇದ್ದರೂ ಚೆಂಡು ಹಿಡಿಯುತ್ತಾನೆ." ಯಾಕೆ ಯಾವಾಗಲೂ ಎದುರಾಳಿ ಮೈಮೇಲೆಯೇ ಇರುತ್ತಾನೆ ಎಂದು ಯಾರೂ ಕೇಳಲಿಲ್ಲ. ಬಿಡಿಸಿಕೊಳ್ಳಲು ಬರುತ್ತಿರಲಿಲ್ಲ, ಅದಕ್ಕೆ!

ಕಾಲೇಜಿನಲ್ಲಿ 19 ವರ್ಷದ ಸಣ್ಣ ಕಾರ್ನರ್‌ಗಳ ಮೇಲೆ ಮೈಬಲ ನಡೆಯುತ್ತದೆ. ಇಲ್ಲಿ ಎಲ್ಲರಿಗೂ ಮೈಬಲ ಇದೆ.

ಫಿಲಿಯ ಕನ್ನಡಿಗ:
ಇನ್ನೊಂದು, ನಮ್ಮ ಮನೆಯದೇ. 2022ರ ಡ್ರಾಫ್ಟ್ ರಾತ್ರಿ ಟೆನೆಸಿಯವರು ಎ.ಜೆ. ಬ್ರೌನ್‌ನನ್ನು ನಮಗೆ ಕೊಟ್ಟು 18ನೇ ಸರದಿಯನ್ನೂ ಒಂದು ಮೂರನೇ ಸುತ್ತಿನ ಸರದಿಯನ್ನೂ ತೆಗೆದುಕೊಂಡರು. ಆ 18ನೇ ಸರದಿಯಲ್ಲಿ ಅದೇ ಅಚ್ಚಿನವನನ್ನು ಆರಿಸಿದರು: ಟ್ರೇಲನ್ ಬರ್ಕ್ಸ್, 225 ಪೌಂಡ್. ಬ್ರೌನ್ 226. ತೂಕದಲ್ಲಿ ಒಂದು ಪೌಂಡ್ ವ್ಯತ್ಯಾಸ. ಆಟದಲ್ಲಿ? ಬ್ರೌನ್ ಆ ವರ್ಷವೇ ನಮಗೆ 1,496 ಗಜ ಕೊಟ್ಟ. ಬರ್ಕ್ಸ್‌ಗೆ ಟೆನೆಸಿಯಲ್ಲಿ ಒಂದು ವರ್ಷವೂ ಐನೂರು ಗಜ ಆಗಲಿಲ್ಲ. ಹೋದವನ ಅಂಗಿ ಯಾರಿಗೆ ಸರಿಹೊಂದುತ್ತದೆ ಎಂದು ನೋಡಿ ಆಳು ಆರಿಸಿದರೆ ಹೀಗೇ.

ಡಲ್ಲಾಸ್ ದೊಡ್ಡಣ್ಣ:
ಬ್ರೌನ್ ದೊಡ್ಡವನೇ ಅಲ್ಲವೇ ಮಹಾರಾಯ! ನಿನ್ನ ಸ್ಮಿತ್‌ಗೆ ಅಷ್ಟು ಜಾಗ ಸಿಕ್ಕಿದ್ದೇ ಆ ಕಡೆ ಬ್ರೌನ್ ನಿಂತಿದ್ದರಿಂದ. ಎದುರಾಳಿಯ ಅರ್ಧ ಗಮನ ಅಲ್ಲೇ ಹೋಗುತ್ತಿತ್ತು.

ಫಿಲಿಯ ಕನ್ನಡಿಗ:
ಬ್ರೌನ್ ಬರುವ ಮುಂಚೆಯೇ, ಮೊದಲ ವರ್ಷದಲ್ಲೇ ಸ್ಮಿತ್ 916 ಗಜ ಮಾಡಿದ್ದ. ನಮ್ಮ ತಂಡ ಆಗ ಚೆಂಡು ಎಸೆಯುತ್ತಲೇ ಇರಲಿಲ್ಲ, ಬರೀ ಓಟ.

ಹುಬ್ಬಳ್ಳಿ ಹೈದ:
ಮೆಟ್‌ಕಾಫ್ ಕತೆ ಯಾರೂ ಪೂರ್ತಿ ಹೇಳಲಿಲ್ಲವಲ್ಲ. 228 ಪೌಂಡ್ ತೂಗಿಕೊಂಡು 40 ಗಜವನ್ನು 4.33 ಸೆಕೆಂಡಿನಲ್ಲಿ ಓಡಿದ. ಅಂಗಿ ಬಿಚ್ಚಿದ ಫೋಟೋ ನೋಡಿ ಜನ ಹುಚ್ಚಾದರು. ಆದರೆ ಮೂರು ಕೋನ್‌ಗಳ ಸುತ್ತ ತಿರುಗಿ ಓಡುವ ಪರೀಕ್ಷೆಯಲ್ಲಿ 7.38 ಸೆಕೆಂಡು. 2000ದಲ್ಲಿ ನಿಧಾನಗಾಲಿನ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಅದನ್ನೇ 7.20ಕ್ಕೆ ಮುಗಿಸಿದ್ದ! ಆ ಒಂದು ಅಂಕಿ ಹಿಡಿದುಕೊಂಡು "ಇವನು ನೇರ ಮಾತ್ರ ಓಡುತ್ತಾನೆ, ತಿರುಗಲು ಬರುವುದಿಲ್ಲ" ಎಂದರು. ಕಾಲೇಜಿನ ಕೊನೆಯ ಋತುವಿನಲ್ಲಿ ಕತ್ತಿನ ಗಾಯವೂ ಆಗಿತ್ತು. ಒಂಬತ್ತನೆಯ ರಿಸೀವರ್ ಆಗಿ 64ನೇ ಸರದಿಗೆ ಹೋದ. ಅಂದರೆ ಡ್ರಾಫ್ಟ್ ದೊಡ್ಡವರಿಗೆ ಸದಾ ಒಲಿಯುತ್ತದೆ ಎಂಬುದೂ ಸುಳ್ಳು. ಮುಂದೆ 2021ರಲ್ಲಿ ಒಲಿಂಪಿಕ್ಸ್ ಅರ್ಹತೆಯ ಆಸೆಯಿಂದ ನಿಜವಾದ ಓಟಗಾರರ ಜೊತೆ 100 ಮೀಟರ್ ಓಡಿ 10.36 ಸೆಕೆಂಡು ತೆಗೆದ. ಫೈನಲ್ ತಲುಪಲಿಲ್ಲ, ಆದರೆ 100 ಕಿಲೋ ದಾಟಿದ ಮೈಗೆ ಆ ಓಟ!

ತುಂಗಾತೀರ:
ಒಲಿಂಪಿಕ್ಸ್ ಎಂದಿರಿ. 2028ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಫ್ಲ್ಯಾಗ್ ಫುಟ್ಬಾಲ್ ಇದೆಯಲ್ಲ? ಅಲ್ಲಿಯೂ ಈ ತೂಕದ ಗೋಳು ಇರುತ್ತದೆಯೇ?

ನಾಲ್ಕನೇ ಡೌನ್:
ಅಲ್ಲಿ ತಂಡಕ್ಕೆ ಐದೇ ಜನ, ಟ್ಯಾಕಲ್ (ಹಿಡಿದು ಕೆಡವುವುದು) ಇಲ್ಲ, ಸೊಂಟದ ಪಟ್ಟಿ ಕಿತ್ತರೆ ಆಟ ನಿಂತಿತು. ತಳ್ಳುವುದೂ ಇಲ್ಲ. ಹಗುರ ಕಾಲಿನವರ ಆಟ ಅದು. ಎನ್‌ಎಫ್‌ಎಲ್ ಆಟಗಾರರು ಭಾಗವಹಿಸಲು ತಂಡಗಳ ಮಾಲೀಕರು 2025ರಲ್ಲಿ ಒಪ್ಪಿಗೆ ಕೊಟ್ಟಿದ್ದಾರೆ. ಸಣ್ಣ ರಿಸೀವರ್‌ಗಳು ಅಲ್ಲಿ ರಾಜರು.

ಮಾವಿನಕಾಯಿ ಚಿತ್ರಾನ್ನ:
ನನ್ನ ಮಗ ಟೆಕ್ಸಸ್‌ನಲ್ಲಿ ಹೈಸ್ಕೂಲ್ ತಂಡದಲ್ಲಿದ್ದಾನೆ. ರಿಸೀವರ್ ಆಗಬೇಕೆಂದು ಆಸೆ. ಮನೆಯಲ್ಲಿ ನಾವೆಲ್ಲ ಐದೂವರೆ ಅಡಿಯ ಜನ, ಅವನು ಹೇಗೋ 5 ಅಡಿ 8 ಅಂಗುಲ ಮುಟ್ಟಿದ್ದಾನೆ. ಕೋಚ್ ಮೊದಲ ವಾರವೇ "ಕಾರ್ನರ್‌ಬ್ಯಾಕ್ ಕಡೆ ಹೋಗು" ಎಂದರಂತೆ. ಅವನು ಓಡುವುದನ್ನು ಕೂಡ ನೋಡಿರಲಿಲ್ಲ, ಸಾಲಿನಲ್ಲಿ ನಿಂತಿದ್ದವನ ತಲೆ ಎಲ್ಲಿಗೆ ಬರುತ್ತದೆ ಎಂದು ನೋಡಿ ಹೇಳಿದರು. ಈಗ ದಿನಕ್ಕೆ ಆರು ಮೊಟ್ಟೆ, ಒಂದು ಸೇರು ಹಾಲು, ಏನೇನೋ ಪುಡಿ. ನಾವು ಶುದ್ಧ ಸಸ್ಯಾಹಾರಿಗಳು; ಮೊಟ್ಟೆಗಾಗಿ ಅಡುಗೆಮನೆಯಲ್ಲಿ ಬೇರೆ ಬಾಣಲೆ ಬಂದಿದೆ. ಅತ್ತೆಯವರು ಬೆಂಗಳೂರಿನಿಂದ ಬರುವುದರೊಳಗೆ ಅದನ್ನು ಎಲ್ಲಿ ಬಚ್ಚಿಡಲಿ ಎಂಬುದೇ ನನ್ನ ಚಿಂತೆ.

ಹಳೆಯ ಬೇರು:
ತೂಕ ಏರಿಸುವ ಹುಚ್ಚು ಬೇಡ ಎಂದು ಮಗನಿಗೆ ಹೇಳಿ. ಏರಿಸಿದ ತೂಕದಿಂದ ವೇಗ ಕಡಿಮೆಯಾದರೆ ಇದ್ದದ್ದೂ ಹೋಯಿತು. ಆ ವಯಸ್ಸಿನಲ್ಲಿ ಓಟದ ದಿಕ್ಕುಗಳನ್ನು ಕರಾರುವಾಕ್ಕಾಗಿ ಕಲಿಯುವುದು, ಕೈಗಳಿಂದ ಪ್ರೆಸ್ ಬಿಡಿಸಿಕೊಳ್ಳುವುದು, ಇವೇ ಮುಖ್ಯ. ಕೂಪರ್ ಕಪ್ 4.62 ಸೆಕೆಂಡಿನಲ್ಲಿ ಓಡಿ ಮೂರನೇ ಸುತ್ತಿಗೆ ಬಿದ್ದವನು. 2021ರಲ್ಲಿ 1,947 ಗಜ ಮಾಡಿದ.

ಗಿರಗಿಟ್ಲೆ:
ಬಾಣಲೆಯನ್ನು ಶೂ ಇಡುವ ಕಪಾಟಿನಲ್ಲಿಡಿ. ಅತ್ತೆಯವರು ಅಲ್ಲಿ ನೋಡುವುದಿಲ್ಲ.

ನಿರ್ವಾಹಕರು:
ಅಡುಗೆಮನೆಯ ಸಮಸ್ಯೆಗಳಿಗೆ ಬೇರೆ ವಿಭಾಗವಿದೆ. ದಯವಿಟ್ಟು ರಿಸೀವರ್‌ಗಳಿಗೆ ಮರಳಿ.

ಅಂಕಿಅಂಶ:
ಮರಳುತ್ತೇನೆ. ಹತ್ತಿರದ ಎರಡು ಡ್ರಾಫ್ಟ್‌ಗಳನ್ನು ನೋಡಿ. 2023ರಲ್ಲಿ ಸಾಲಾಗಿ ನಾಲ್ವರು ರಿಸೀವರ್‌ಗಳು ಹೋದರು. 20ಕ್ಕೆ ಸ್ಮಿತ್-ನ್ಜಿಗ್ಬಾ. 21ಕ್ಕೆ 6 ಅಡಿ 3 ಅಂಗುಲದ ಕ್ವೆಂಟಿನ್ ಜಾನ್‌ಸ್ಟನ್. 22ಕ್ಕೆ 5 ಅಡಿ 9 ಅಂಗುಲದ ಝೇ ಫ್ಲವರ್ಸ್. 23ಕ್ಕೆ 173 ಪೌಂಡ್‌ನ ಜೋರ್ಡನ್ ಆಡಿಸನ್. ಮೊದಲ ವರ್ಷದ ಗಜಗಳು: ಜಾನ್‌ಸ್ಟನ್ 431, ಫ್ಲವರ್ಸ್ 858, ಆಡಿಸನ್ 911.

2024 ಇನ್ನೂ ಸ್ವಾರಸ್ಯ. ಬಫಲೋ ತನ್ನ 28ನೇ ಸರದಿಯನ್ನು ಕಾನ್ಸಾಸ್ ಸಿಟಿಗೆ ಬಿಟ್ಟುಕೊಟ್ಟಿತು. ಅವರು ಅಲ್ಲಿ 165 ಪೌಂಡ್‌ನ ಝೇವಿಯರ್ ವರ್ದಿಯನ್ನು ಆರಿಸಿದರು, ಕಂಬೈನ್‌ನಲ್ಲಿ 4.21 ಸೆಕೆಂಡಿನ ದಾಖಲೆ ಓಟದವನು. ಬಫಲೋ ಕೆಳಗಿಳಿದು 33ಕ್ಕೆ 6 ಅಡಿ 3 ಅಂಗುಲದ, 4.61 ಸೆಕೆಂಡಿನ ಕಿಯೋನ್ ಕೋಲ್‌ಮನ್‌ನನ್ನು ಹಿಡಿಯಿತು. ಮರುಸರದಿಯಲ್ಲಿ ಚಾರ್ಜರ್ಸ್ 186 ಪೌಂಡ್‌ನ ಲ್ಯಾಡ್ ಮೆಕಾಂಕಿಯನ್ನು ಎತ್ತಿಕೊಂಡಿತು. ಮೊದಲ ವರ್ಷ ಕೋಲ್‌ಮನ್ 556 ಗಜ, ವರ್ದಿ 638, ಮೆಕಾಂಕಿ 1,149.

ಇದರಿಂದ ಸಣ್ಣವರೇ ಮೇಲು ಎಂದು ನಾನು ಹೇಳುತ್ತಿಲ್ಲ. ಇದು ಸೋಸುವಿಕೆಯ ಪರಿಣಾಮ. ಸಣ್ಣವನು ಮೊದಲ ನಲವತ್ತರೊಳಗೆ ಬರಬೇಕಾದರೆ ಒಂದೋ ದಾಖಲೆ ಮುರಿದು ಓಡಬೇಕು, ಇಲ್ಲವೇ ಹೈಸ್‌ಮನ್ ಗೆಲ್ಲಬೇಕು, ಇಲ್ಲವೇ ಯಾರೂ ಹಿಡಿಯಲಾಗದಂತೆ ಬಿಡಿಸಿಕೊಳ್ಳಬೇಕು. ದೊಡ್ಡವನಿಗೆ "ಮೈ ಇದೆ, ಉಳಿದದ್ದು ಕಲಿಸೋಣ" ಎಂಬ ರಿಯಾಯಿತಿ ಸಿಗುತ್ತದೆ. ಅಷ್ಟು ಜರಡಿ ದಾಟಿ ಬಂದ ಸಣ್ಣವನನ್ನೂ ಅರ್ಧ ಜರಡಿಯಲ್ಲೇ ಒಳಬಂದ ದೊಡ್ಡವನನ್ನೂ ಹೋಲಿಸಿದರೆ ಸಣ್ಣವನು ಚೆನ್ನಾಗಿಯೇ ಕಾಣುತ್ತಾನೆ.

ಡಲ್ಲಾಸ್ ದೊಡ್ಡಣ್ಣ:
ಇದು ಮಾತು. ಹಾಗಿದ್ದರೆ ಜರಡಿ ಸಡಿಲ ಮಾಡಿದರೆ ಸಣ್ಣವರಲ್ಲೂ ಅಷ್ಟೇ ಜೊಳ್ಳು ಬರುತ್ತದೆ ಎಂದಾಯಿತು. ಸ್ಕೌಟ್‌ಗಳು ಸಣ್ಣವರ ವಿಷಯದಲ್ಲಿ ಬಿಗಿಯಾಗಿರುವುದೇ ಸರಿ!

ಅಂಕಿಅಂಶ:
ಅಥವಾ ದೊಡ್ಡವರ ವಿಷಯದಲ್ಲೂ ಬಿಗಿಯಾಗಬೇಕು.

ಬೀದರಿನವಳು:
ವರ್ದಿ ಬಗ್ಗೆ ಒಂದು ಸೇರಿಸುತ್ತೇನೆ. 2025ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗ್‌ನ ಫೈನಲ್‌ನಲ್ಲಿ, ಕಾನ್ಸಾಸ್ ಸಿಟಿ ಈಗಲ್ಸ್ ಕೈಯಲ್ಲಿ ಹಣ್ಣಾದ ದಿನ, ಆ ತಂಡದಲ್ಲಿ ಏನಾದರೂ ಮಾಡಿದವನು ಅವನೊಬ್ಬನೇ. 8 ಕ್ಯಾಚ್, 157 ಗಜ, 2 ಟಚ್‌ಡೌನ್. ಅದೇ ಪಂದ್ಯದಲ್ಲಿ ಈ ಕಡೆ ಸ್ಮಿತ್ 46 ಗಜದ ಟಚ್‌ಡೌನ್ ಹಿಡಿದ. 165 ಮತ್ತು 166 ಪೌಂಡ್‌ನವರು, ಇಬ್ಬರೂ ಮೊದಲ ಸುತ್ತಿನವರು, ಲೀಗ್‌ನ ಅತಿ ದೊಡ್ಡ ರಾತ್ರಿಯಲ್ಲಿ.

ಕಾಫಿತೋಟ:
ವರ್ದಿಯ ಆ ಗಜಗಳಲ್ಲಿ ಹೆಚ್ಚಿನವು ಪಂದ್ಯ ಕೈತಪ್ಪಿದ ಮೇಲೆ ಬಂದವು ಮೇಡಂ. ಅದನ್ನೂ ಹೇಳಿ.

ಬೀದರಿನವಳು:
ಹೇಳಿದ್ದಾಯಿತು. ನೀವೇ ಹೇಳಿದಿರಲ್ಲ.

ಹುಬ್ಬಳ್ಳಿ ಹೈದ:
ಒಂದು ಅನುಮಾನ. ರಿಸೀವರ್ ಸಣ್ಣವನಾಗುತ್ತಿದ್ದರೆ ಕಾರ್ನರ್‌ಗಳೂ ಸಣ್ಣವರಾಗಬೇಕಲ್ಲ? 6 ಅಡಿ 3 ಅಂಗುಲದ ರಿಚರ್ಡ್ ಶರ್ಮನ್ 2011ರ ಐದನೇ ಸುತ್ತಿನಿಂದ ಬಂದು ಮೆರೆದ ಮೇಲೆ ಎಲ್ಲರೂ ಉದ್ದ ತೋಳಿನ ಕಾರ್ನರ್‌ಗಳನ್ನೇ ಹುಡುಕಲು ಹೊರಟರು. ವೇಗದ ಸಣ್ಣ ರಿಸೀವರ್ ಎದುರಾದಾಗ ಆ ಉದ್ದಾಳುಗಳು ತಿರುಗುವಷ್ಟರಲ್ಲಿ ಅವನು ಆಚೆ ಹೋಗಿರುತ್ತಾನೆ.

ನಾಲ್ಕನೇ ಡೌನ್:
ಅದಕ್ಕೇ ಈಗ ಸಣ್ಣವರನ್ನು ಗೆರೆಯ ಮೇಲೆ ನಿಲ್ಲಿಸುವುದೇ ಕಡಿಮೆ. ಚೆಂಡು ಕದಲುವ ಮುಂಚೆ ಪಕ್ಕಕ್ಕೆ ಓಡಲು ಬಿಡುತ್ತಾರೆ. ಮಯಾಮಿಯವರು ಹಿಲ್ ಮತ್ತು ವಾಡಲ್ ಜೊತೆ 2023ರಲ್ಲಿ ಇದನ್ನೇ ಮಾಡಿ ಎಲ್ಲರ ತಲೆ ಕೆಡಿಸಿದರು. ಓಡುತ್ತಿರುವವನ ಎದೆಗೆ ಕೈಯೂರುವುದು ಹೇಗೆ? ತಂಡದ ಆಟದ ಕ್ರಮ ನೋಡದೆ ಬರೀ ಹುಡುಗನ ತೂಕ ನೋಡಿದರೆ ಪ್ರಯೋಜನವಿಲ್ಲ. ಆಟ್‌ವೆಲ್‌ನಂಥವನಿಗೆ ರ‍್ಯಾಮ್ಸ್‌ನಲ್ಲಿ ಕೆಲಸ ಸಿಕ್ಕಿತು. ಅಂಚಿನಲ್ಲಿ ನಿಲ್ಲಿಸಿ "ಪ್ರೆಸ್ ಬಿಡಿಸಿಕೊಂಡು ಬಾ" ಎನ್ನುವ ತಂಡಕ್ಕೆ ಹೋಗಿದ್ದರೆ ಎರಡೇ ವರ್ಷದಲ್ಲಿ ಮನೆಗೆ.

ಡಲ್ಲಾಸ್ ದೊಡ್ಡಣ್ಣ:
ಕೋಚ್ ಬದಲಾದರೆ? ಹುಡುಗನ ಒಪ್ಪಂದ ನಾಲ್ಕು ವರ್ಷ, ಮೊದಲ ಸುತ್ತಿನವನಿಗೆ ಐದನೇ ವರ್ಷದ ಆಯ್ಕೆಯೂ ಸೇರುತ್ತದೆ. ಕೋಚ್ ಆಯುಷ್ಯ ಎಷ್ಟೋ ಸಲ ಎರಡೇ ವರ್ಷ. ಹೊಸಬ ಬಂದು ಬೇರೆ ಆಟ ಆಡಿಸಿದರೆ ನಿಮ್ಮ 165 ಪೌಂಡ್‌ನವನು ಬೆಂಚಿನಲ್ಲಿ. ಇವಾನ್ಸ್‌ಗೆ ಕೋಚ್ ಯಾರಾದರೂ ಒಂದೇ.

ಫಿಲಿಯ ಕನ್ನಡಿಗ:
ಸ್ಮಿತ್‌ಗೂ ಆಟದ ಸಂಯೋಜಕರು ಎಷ್ಟು ಸಲ ಬದಲಾದರು ಎಂದು ಎಣಿಸು. ನಾನು ಕಾಯುತ್ತೇನೆ.

ಡಲ್ಲಾಸ್ ದೊಡ್ಡಣ್ಣ:
ಮತ್ತೆ ಸ್ಮಿತ್! ಬೇರೆ ಹೆಸರು ತಾ, ಆಮೇಲೆ ಮಾತಾಡೋಣ.